ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕಾ?

ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ ಅಂತ ಗೊತ್ತಾದ ಮೇಲೆ ಜನ ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಈ ಪಾಸ್‌ವರ್ಡ್ ಕಾಟ ಯಾಕೆ? ಮೂರು ತಿಂಗಳಾಯ್ತು, ಬದಲಿಸಿ ಅಂತ ಬರುತ್ತೆ. ಬದಲಿಸದಿದ್ದರೆ ಒಳಗೇ ಬಿಡಲ್ಲ. ಇದು ನಿಜವಾಗಲೂ ಬೇಕಾ?"

ಬೇಡ. ಇದೇ ನನ್ನ ಉತ್ತರ. ಪಾಸ್‌ವರ್ಡ್ ಸೋರಿದೆ ಅನ್ನುವ ಗುಮಾನಿ ಇದ್ದರೆ ಆ ಕ್ಷಣವೇ ಬದಲಿಸಿ. ಅದಿಲ್ಲದೆ ಸುಮ್ನೆ ತಿಂಗಳು ಎಣಿಸಿ ಬದಲಿಸುವುದರಿಂದ ಲಾಭ ತೀರಾ ಕಡಿಮೆ, ತೊಂದರೆ ಜಾಸ್ತಿ. ನಾನೊಬ್ಬನೇ ಹೀಗೆ ಹೇಳುತ್ತಿಲ್ಲ. ಈ ನಿಯಮವನ್ನು ಜಗತ್ತಿಗೆಲ್ಲ ಹಬ್ಬಿಸಿದ ಸಂಸ್ಥೆಯೇ ಈಗ ಇದನ್ನು ಕೈಬಿಟ್ಟಿದೆ. ಆದರೂ ಎಷ್ಟೋ ಕಂಪನಿಗಳು ಬಿಟ್ಟಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿಯೇ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಈ ನಿಯಮ ಎಲ್ಲಿಂದ ಬಂತು ನೋಡೋಣ. 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಪಾಸ್‌ವರ್ಡ್ ಬಗ್ಗೆ ಒಂದು ಕೈಪಿಡಿ ತಂದಿತು. ಕಳ್ಳ ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡುತ್ತಾ ಹೋದರೆ ಸರಿಯಾದದ್ದು ಸಿಗಲು ಎಷ್ಟು ದಿನ ಬೇಕು ಅಂತ ಅದರಲ್ಲಿ ಲೆಕ್ಕ ಹಾಕಿದ್ದರು. ಅಷ್ಟು ದಿನ ಆಗುವುದರೊಳಗೆ ಬದಲಿಸಿಬಿಟ್ಟರೆ ಅವನ ಶ್ರಮ ವ್ಯರ್ಥ. ಆ ಕಾಲದ ನಿಧಾನದ ಕಂಪ್ಯೂಟರ್‌ಗಳಿಗೆ ಆ ಲೆಕ್ಕ ಒಪ್ಪುವಂಥದ್ದೇ. ಆಮೇಲೆ 2003ರಲ್ಲಿ ಬಿಲ್ ಬರ್ ಅನ್ನುವವರು ಎನ್‌ಐಎಸ್‌ಟಿ, ಅಂದರೆ ಅಮೆರಿಕ ಸರ್ಕಾರದ ಮಾನಕ ಸಂಸ್ಥೆಗಾಗಿ ಹೊಸ ಮಾರ್ಗಸೂಚಿ ಬರೆದರು. ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಎಲ್ಲ ಇರಲಿ, ಆಗಾಗ ಬದಲಿಸುತ್ತಿರಲಿ ಅನ್ನುವ ಪಾಠ ಕಚೇರಿಗಳಿಗೂ ವೆಬ್‌ಸೈಟ್‌ಗಳಿಗೂ ಹಬ್ಬಿದ್ದು ಅಲ್ಲಿಂದ. 2017ರ ಹೊತ್ತಿಗೆ ಬರ್ ನಿವೃತ್ತರಾಗಿದ್ದರು. ಆಗ ಅವರೇ ಪತ್ರಿಕೆಯೊಂದಕ್ಕೆ, ತಾನು ಬರೆದದ್ದರಲ್ಲಿ ಬಹುಪಾಲಿನ ಬಗ್ಗೆ ಈಗ ವಿಷಾದ ಇದೆ ಅಂತ ಹೇಳಿದರು. ಜನ ನಿಜವಾಗಿ ಯಾವ ಪಾಸ್‌ವರ್ಡ್ ಇಟ್ಟುಕೊಳ್ಳುತ್ತಾರೆ ಅನ್ನುವ ಮಾಹಿತಿಯೇ ಅವರ ಕೈಯಲ್ಲಿ ಹೆಚ್ಚು ಇರಲಿಲ್ಲ. 1980ರ ದಶಕದ ಹಳೆಯ ಬರಹವನ್ನು ನೆಚ್ಚಿಕೊಳ್ಳಬೇಕಾಯಿತು. ಇದನ್ನು ಬಹಿರಂಗವಾಗಿ ಒಪ್ಪಿಕೊಂಡ ಅವರ ಬಗ್ಗೆ ನನಗೆ ಗೌರವ ಇದೆ.

ಲೆಕ್ಕ ಸರಿ ಇದ್ದೂ ನಿಯಮ ಕೆಟ್ಟಿದ್ದು ಯಾಕೆ? ಪಾಸ್‌ವರ್ಡ್ ಬದಲಿಸುವುದು ಮನುಷ್ಯರು ತಾನೇ. ಮೂರು ತಿಂಗಳಿಗೊಮ್ಮೆ ಪೂರ್ತಿ ಹೊಸದನ್ನು ಹುಟ್ಟಿಸಿ ನೆನಪಿಟ್ಟುಕೊಳ್ಳಲು ಯಾರಿಂದಲೂ ಆಗಲ್ಲ. ಹಾಗಾಗಿ ಕೊನೆಯ 1 ತೆಗೆದು 2 ಹಾಕುತ್ತಾರೆ. ಆಮೇಲೆ 3. ಇಲ್ಲವೇ ತಿಂಗಳ ಹೆಸರು ಸೇರಿಸುತ್ತಾರೆ. ಕೊನೆಯಲ್ಲಿದ್ದ ಚಿಹ್ನೆಯನ್ನು ಮೊದಲಿಗೆ ತರುತ್ತಾರೆ. ಅಮೆರಿಕದ ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಇದನ್ನೇ ಪರೀಕ್ಷಿಸಿದರು. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕು ಅನ್ನುವ ನಿಯಮ ಅಲ್ಲಿ ಇತ್ತು. ಬಳಕೆಯಲ್ಲಿಲ್ಲದ 10,000ಕ್ಕೂ ಹೆಚ್ಚು ಖಾತೆಗಳ ಹಳೆಯ ಪಾಸ್‌ವರ್ಡ್‌ಗಳನ್ನು ಅವರು ತೆಗೆದುಕೊಂಡರು. ಒಂದು ಪಾಸ್‌ವರ್ಡ್ ಗೊತ್ತಿದ್ದರೆ ಮುಂದಿನದನ್ನು ಊಹಿಸಬಹುದಾ ಅಂತ ನೋಡಿದರು. 17% ಖಾತೆಗಳಲ್ಲಿ ಐದು ಊಹೆ ಕೂಡ ಬೇಕಾಗಲಿಲ್ಲ. ಪಾಸ್‌ವರ್ಡ್‌ಗಳ ಕಡತವನ್ನೇ ಕದ್ದು ಕೈಯಲ್ಲಿಟ್ಟುಕೊಂಡು ಕಂಪ್ಯೂಟರ್‌ನಿಂದ ಊಹಿಸುವುದಾದರೆ, 41% ಪಾಸ್‌ವರ್ಡ್‌ಗಳು ತಲಾ ಮೂರು ಸೆಕೆಂಡಿನೊಳಗೆ ಸಿಕ್ಕವು. ಕಳ್ಳನನ್ನು ಹೊರಗಿಡಲು ಬದಲಿಸಿದ ಪಾಸ್‌ವರ್ಡ್ ಅವನಿಗೆ ಮೊದಲೇ ಗೊತ್ತಿದ್ದ ಹಾಗೆಯೇ ಆಯಿತು, ಅಲ್ವಾ?

ಇನ್ನೊಂದು ಕಡೆ, ಈ ನಿಯಮಗಳು ತೆರೆಯ ಮೇಲೆ ಹೇಗೆ ಕಾಣುತ್ತವೆ ಅನ್ನುವುದನ್ನು ಹತ್ತಿರದಿಂದ ನೋಡಬೇಕು. ನಮ್ಮ ಅತ್ತೆಯೊಬ್ಬರು ಬಿಲ್ ಕಟ್ಟುವ ಆ್ಯಪ್ ಒಂದರಲ್ಲಿ ಹೊಸ ಪಾಸ್‌ವರ್ಡ್ ಹಾಕುತ್ತಿದ್ದರು. ಪಕ್ಕದಲ್ಲಿ ನಾನು ಕೂತಿದ್ದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಐದು ಪದ ಸೇರಿಸಿ ಉದ್ದನೆಯ ಪಾಸ್‌ವರ್ಡ್ ಮಾಡಿಕೊಂಡಿದ್ದರು. ಒಳ್ಳೆಯ ಪಾಸ್‌ವರ್ಡ್ ಅದು. ಆ್ಯಪ್ ಒಪ್ಪಲಿಲ್ಲ. "ನೋಡೋ, ಏನೋ ಕೆಂಪಗೆ ಬರ್ತಿದೆ" ಅಂದರು. ದೊಡ್ಡಕ್ಷರ ಬೇಕಂತೆ. ಹಾಕಿದರು. ಆಮೇಲೆ ಅಂಕಿ ಬೇಕು ಅಂತ ಬಂತು. ಹಾಕಿದರು. ಚಿಹ್ನೆ ಬೇಕು ಅಂತ ಬಂತು. ಅವರು ಹಾಕಿದ ಚಿಹ್ನೆ ನಡೆಯಲ್ಲ ಅಂತ ಮತ್ತೆ ಕೆಂಪು ಸಾಲು. ಯಾವುದು ನಡೆಯುತ್ತೆ ಅಂತ ಎಲ್ಲೂ ಬರೆದಿರಲಿಲ್ಲ. ಕೊನೆಗೆ 16 ಅಕ್ಷರ ಮೀರಬಾರದು ಅಂತ ಬಂತು. ಪ್ರತಿ ಸಲವೂ ಎರಡೂ ಖಾನೆ ಖಾಲಿಯಾಗುತ್ತಿತ್ತು, ಚುಕ್ಕಿ ಬಿಟ್ಟರೆ ತಾನು ಏನು ಒತ್ತಿದೆ ಅನ್ನುವುದೇ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಸಮಯ ಮುಗಿಯಿತು, ಮತ್ತೆ ಲಾಗಿನ್ ಆಗಿ ಅಂತ ಹೊರಗೆ ಹಾಕಿತು. ಅತ್ತೆ ಸುಸ್ತಾಗಿ ತಮ್ಮ ಹೆಸರಿನ ಮುಂದೆ ಹುಟ್ಟಿದ ವರ್ಷ, ಒಂದು @ ಹಾಕಿದರು. ಆ್ಯಪ್ ಅದನ್ನು ಖುಷಿಯಿಂದ ಒಪ್ಪಿಕೊಂಡಿತು. ಪಕ್ಕದಲ್ಲಿ ಹಸಿರು ಬಣ್ಣದಲ್ಲಿ "ಬಲವಾದ ಪಾಸ್‌ವರ್ಡ್" ಅಂತ ಬೇರೆ ತೋರಿಸಿತು.

ನನಗೆ ಆ ಹಸಿರು ಸಾಲು ನೋಡಿ ಹೊಟ್ಟೆ ಉರಿಯಿತು. ಲೆಕ್ಕ ನೋಡಿ. ಕೀಬೋರ್ಡಿನಲ್ಲಿರುವ 95 ಅಕ್ಷರ, ಅಂಕಿ, ಚಿಹ್ನೆಗಳಿಂದ ಎಂಟನ್ನು ಲಾಟರಿ ಎತ್ತಿದ ಹಾಗೆ ಆರಿಸಿದರೆ ಎಷ್ಟು ಬಗೆಯ ಪಾಸ್‌ವರ್ಡ್ ಸಾಧ್ಯವೋ, 7,776 ಪದಗಳ ಪಟ್ಟಿಯಿಂದ ಐದು ಪದ ಹಾಗೆಯೇ ಆರಿಸಿದರೆ ಅದಕ್ಕಿಂತ 4,000ಕ್ಕೂ ಹೆಚ್ಚು ಪಟ್ಟು ಸಾಧ್ಯ. (7,776 ಯಾಕೆಂದರೆ, ದಾಳವನ್ನು ಐದು ಸಲ ಎಸೆದು ಒಂದೊಂದು ಪದ ಆರಿಸುವ ಹಳೆಯ ಪದ್ಧತಿಯೊಂದಿದೆ. ಐದು ಆರುಗಳನ್ನು ಒಂದಕ್ಕೊಂದು ಗುಣಿಸಿದರೆ ಅಷ್ಟಾಗುತ್ತದೆ.) ಅದೂ ಆ ಎಂಟು ಅಕ್ಷರಗಳನ್ನು ಜನ ಲಾಟರಿ ಎತ್ತಿಯೇ ಆರಿಸುತ್ತಾರೆ ಅಂದುಕೊಂಡರೆ. ಹಾಗೆ ಯಾರೂ ಆರಿಸುವುದಿಲ್ಲ. ದೊಡ್ಡಕ್ಷರ ಕೇಳಿದರೆ ಮೊದಲನೆಯದನ್ನು ದೊಡ್ಡದು ಮಾಡುತ್ತಾರೆ, ಚಿಹ್ನೆ ಕೇಳಿದರೆ ಕೊನೆಯಲ್ಲಿ ಅಂಟಿಸುತ್ತಾರೆ. ಕಳ್ಳರಿಗೂ ಇದು ಗೊತ್ತು.

16 ಅಕ್ಷರ ಮೀರಬಾರದು ಅನ್ನುವ ಮಿತಿಯಂತೂ ನನಗೆ ಭಯ ಹುಟ್ಟಿಸುತ್ತದೆ. ಸರಿಯಾಗಿ ಕೆಲಸ ಮಾಡುವ ಕಂಪನಿ ನಿಮ್ಮ ಪಾಸ್‌ವರ್ಡನ್ನು ಇದ್ದ ಹಾಗೆ ಇಟ್ಟುಕೊಳ್ಳುವುದೇ ಇಲ್ಲ. ಹ್ಯಾಶ್ ಮಾಡಿ, ಅಂದರೆ ಗಣಿತದ ಸೂತ್ರವೊಂದರಲ್ಲಿ ಹಾಯಿಸಿ ಅರ್ಥವಿಲ್ಲದ ಅಕ್ಷರಮಾಲೆಯಾಗಿ ಮಾಡಿ ಇಡುತ್ತದೆ. ಬೀಸಿದ ಹಿಟ್ಟಿನಿಂದ ಮತ್ತೆ ಕಾಳು ಮಾಡಲು ಆಗದ ಹಾಗೆ, ಹ್ಯಾಶ್‌ನಿಂದ ಹಿಂದಕ್ಕೆ ಹೋಗಿ ಪಾಸ್‌ವರ್ಡ್ ತೆಗೆಯಲು ಆಗುವುದಿಲ್ಲ. ಪಾಸ್‌ವರ್ಡ್ ಎಂಟು ಅಕ್ಷರವಿರಲಿ, ಅರವತ್ತಿರಲಿ, ಹ್ಯಾಶ್‌ನ ಉದ್ದ ಒಂದೇ. ಹಾಗಿದ್ದ ಮೇಲೆ ಇಷ್ಟು ಚಿಕ್ಕ ಮಿತಿ ಯಾಕೆ? ಅವರ ಹಿಂದಿನ ವ್ಯವಸ್ಥೆ ತೀರಾ ಹಳೆಯದಿರಬಹುದು. ಇಲ್ಲವೇ ಪಾಸ್‌ವರ್ಡನ್ನು ಹಾಗೇ ಇಟ್ಟುಕೊಂಡಿರಬಹುದು. ಎರಡೂ ಒಳ್ಳೆಯ ಸುದ್ದಿಯಲ್ಲ. "ಪಾಸ್‌ವರ್ಡ್ ಮರೆತಿದ್ದೇನೆ" ಅಂತ ಒತ್ತಿದಾಗ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಮೇಲ್‌ನಲ್ಲಿ ಕಳಿಸುವ ಸೈಟ್ ಇದ್ದರೆ ಅನುಮಾನವೇ ಬೇಡ, ಅವರು ಹ್ಯಾಶ್ ಮಾಡಿಲ್ಲ. ಅಲ್ಲಿ ಬಳಸಿದ ಪಾಸ್‌ವರ್ಡ್ ಬೇರೆಲ್ಲೂ ಬಳಸಬೇಡಿ.

ಬಲ್ಲವರ ಸಲಹೆ ಬದಲಾಗಿ ಬಹಳ ಕಾಲವಾಯಿತು. ಬ್ರಿಟನ್ ಸರ್ಕಾರದ ಭದ್ರತಾ ತಜ್ಞರು 2015ರಲ್ಲೇ ಕಡ್ಡಾಯ ಬದಲಾವಣೆ ಬೇಡ ಅಂದರು. 2017ರಲ್ಲಿ ಎನ್‌ಐಎಸ್‌ಟಿ ತನ್ನ ಮಾರ್ಗಸೂಚಿಯನ್ನೇ ತಿದ್ದಿತು: ಅವಧಿ ಇಟ್ಟು ಬದಲಿಸಲು ಒತ್ತಾಯಿಸಬೇಡಿ, ದೊಡ್ಡಕ್ಷರ, ಚಿಹ್ನೆ ಅಂತ ಷರತ್ತು ಹಾಕಬೇಡಿ, ಕನಿಷ್ಠ 64 ಅಕ್ಷರದವರೆಗಾದರೂ ಬಿಡಿ, ಪೇಸ್ಟ್ ಮಾಡಲು ಬಿಡಿ, ಈಗಾಗಲೇ ಸೋರಿರುವ ಪಾಸ್‌ವರ್ಡ್‌ಗಳ ಪಟ್ಟಿಯಲ್ಲಿದ್ದರೆ ತಡೆಯಿರಿ. 2019ರಲ್ಲಿ ಮೈಕ್ರೋಸಾಫ್ಟ್ ಕೂಡ ವಿಂಡೋಸ್‌ಗೆ ತಾನು ಕೊಡುವ ಭದ್ರತಾ ಶಿಫಾರಸುಗಳಿಂದ ಈ ಅವಧಿಯ ನಿಯಮವನ್ನು ಕಿತ್ತುಹಾಕಿತು. 2025ರಲ್ಲಿ ಎನ್‌ಐಎಸ್‌ಟಿ ಇನ್ನೂ ಬಿಗಿಯಾಗಿ ಹೇಳಿತು. ಮೊದಲು "ಮಾಡದಿದ್ದರೆ ಒಳ್ಳೆಯದು" ಅನ್ನುವ ಧಾಟಿ ಇತ್ತು, ಈಗ "ಮಾಡಲೇಬಾರದು" ಅಂತ ಇದೆ.

ಇಷ್ಟಾದರೂ ಕಂಪನಿಗಳು ಯಾಕೆ ಬಿಡುತ್ತಿಲ್ಲ?

ನಾನು ಕಂಡ ಹಾಗೆ ಕಾರಣ ಇಷ್ಟೇ: ನಿಯಮ ಉಳಿಸಿಕೊಂಡರೆ ಅವರಿಗೆ ಖರ್ಚಿಲ್ಲ, ತೆಗೆದರೆ ಯಾರೋ ಒಬ್ಬರು ಸಹಿ ಹಾಕಬೇಕು. ಆಡಿಟ್‌ಗೆ ಬರುವವರ ಹತ್ತಿರ ಒಂದು ಪಟ್ಟಿ ಇರುತ್ತದೆ. "ಪಾಸ್‌ವರ್ಡ್ ಅವಧಿ ಇದೆಯೇ?" ಅಂತ ಒಂದು ಸಾಲು. ಇದೆ ಅಂದರೆ ಗುರುತು ಹಾಕಿ ಮುಂದೆ ಹೋಗುತ್ತಾರೆ. ಇಲ್ಲ ಅಂದರೆ ವಿವರಣೆ ಬರೆದು ಕೊಡಬೇಕು. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ, ಆ ಸಾಲು ತೆಗೆದವರ ಹೆಸರನ್ನೇ ಮೊದಲು ಕೇಳುತ್ತಾರೆ. ಹೀಗಾಗಿ ಯಾರೂ ಮುಟ್ಟುವುದಿಲ್ಲ. ಕಾರ್ಡ್ ಪಾವತಿಯ ನಿಯಮ ಹಾಗೆ ಹೇಳುತ್ತದೆ ಅಂತಲೂ ಸಬೂಬು ಕೊಡುತ್ತಾರೆ. ಪಿಸಿಐ ಡಿಎಸ್‌ಎಸ್ ಅನ್ನುವ ಆ ನಿಯಮದಲ್ಲಿ 90 ದಿನದ ಮಾತು ಇದೆ, ನಿಜ. ಆದರೆ ಅದು ಪಾಸ್‌ವರ್ಡ್ ಒಂದೇ ಕಾವಲಾಗಿದ್ದಾಗ ಮಾತ್ರ. ಎರಡನೆಯ ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಕೋಡ್ ಥರದ ಇನ್ನೊಂದು ಪುರಾವೆ ಕೇಳುವ ಪದ್ಧತಿ ಇದ್ದರೆ ಆ ಮಾತು ಅನ್ವಯಿಸುವುದೇ ಇಲ್ಲ.

ಖರ್ಚೆಲ್ಲ ಬೀಳುವುದು ನಿಮ್ಮ ತಲೆ ಮೇಲೆ. ನಿಮ್ಮ ಹೊತ್ತು, ನಿಮ್ಮ ನೆನಪು, ಖಾತೆ ಲಾಕ್ ಆದಾಗ ನಿಮ್ಮ ಪರದಾಟ. ಅದು ಯಾವ ಕಂಪನಿಯ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ. ಆಮೇಲೆ ಏನಾದರೂ ಆದರೆ "ಗ್ರಾಹಕರು ದುರ್ಬಲ ಪಾಸ್‌ವರ್ಡ್ ಬಳಸಿದ್ದರು" ಅಂತ ಒಂದು ಮಾತು ಹೇಳಿ ಕೈ ತೊಳೆದುಕೊಳ್ಳಬಹುದು.

ಆದರೆ ಪಾಸ್‌ವರ್ಡ್‌ಗಳು ರಾಶಿ ರಾಶಿಯಾಗಿ ಕಳುವಾಗಿದ್ದು ಎಲ್ಲಿಂದ? ಕಂಪನಿಗಳ ಮನೆಯಿಂದಲೇ. 2009ರಲ್ಲಿ ರಾಕ್‌ಯೂ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಹೋದವು. ಹ್ಯಾಶ್ ಇಲ್ಲ, ಏನಿಲ್ಲ, ಓದಿಕೊಳ್ಳುವ ಹಾಗೇ ಇಟ್ಟಿದ್ದರು. ಆ ಪಟ್ಟಿ ಇವತ್ತಿಗೂ ಪಾಸ್‌ವರ್ಡ್ ಒಡೆಯುವವರ ಕೈಯಲ್ಲಿದೆ. 2012ರಲ್ಲಿ ಲಿಂಕ್ಡ್‌ಇನ್‌ನಿಂದ 65 ಲಕ್ಷ ಹ್ಯಾಶ್ ಸೋರಿದವು ಅಂತ ಸುದ್ದಿಯಾಯಿತು. ನಾಲ್ಕು ವರ್ಷದ ಮೇಲೆ ನೋಡಿದರೆ ಅದು 11.7 ಕೋಟಿ. ಅಲ್ಲಿ ಹ್ಯಾಶ್ ಇತ್ತು, ಸಾಲ್ಟ್ ಇರಲಿಲ್ಲ. ಸಾಲ್ಟ್ ಅಂದರೆ ಪ್ರತಿ ಖಾತೆಗೂ ಬೇರೆ ಬೇರೆಯಾಗಿ ಬೆರೆಸುವ ಒಂದು ಅಕ್ಷರಮಾಲೆ. ಅದಿಲ್ಲದಿದ್ದರೆ ಒಂದೇ ಪಾಸ್‌ವರ್ಡ್ ಇಟ್ಟವರೆಲ್ಲರ ಹ್ಯಾಶ್ ಒಂದೇ ಆಗುತ್ತದೆ, ಒಬ್ಬರದನ್ನು ಊಹಿಸಿ ಒಡೆದರೆ ಎಲ್ಲರದೂ ಒಡೆದಂತೆ. 2013ರ ಯಾಹೂ ಕಳವಿನಲ್ಲಿ 300 ಕೋಟಿ ಖಾತೆಗಳು ಸಿಕ್ಕಿಕೊಂಡಿದ್ದವು, ಆ ಪೂರ್ತಿ ಲೆಕ್ಕ ಹೊರಬಂದದ್ದು 2017ರಲ್ಲಿ. ಫೇಸ್‌ಬುಕ್ ಕೋಟಿಗಟ್ಟಲೆ ಪಾಸ್‌ವರ್ಡ್‌ಗಳನ್ನು ತನ್ನ ಒಳಗಿನ ಕಡತಗಳಲ್ಲಿ ಓದುವ ಹಾಗೆಯೇ ಉಳಿಸಿಕೊಂಡಿತ್ತು ಅಂತ 2019ರಲ್ಲಿ ಗೊತ್ತಾಯಿತು. 2024ರಲ್ಲಿ ಐರ್ಲೆಂಡಿನ ನಿಯಂತ್ರಕರು ಅದಕ್ಕೆ 9.1 ಕೋಟಿ ಯೂರೋ ದಂಡ ಹಾಕಿದರು. ಇದರಲ್ಲಿ ಯಾವುದನ್ನು ನಮ್ಮ ಅತ್ತೆಯ ದೊಡ್ಡಕ್ಷರ ತಡೆಯುತ್ತಿತ್ತು?

ಭದ್ರತೆಯ ಹೆಸರಿನಲ್ಲಿ ಫೋನ್ ನಂಬರ್ ಕೇಳುವುದೂ ಇದಕ್ಕೆ ಸೇರಿದ್ದೇ. ಟ್ವಿಟರ್ ಕಂಪನಿ, ಖಾತೆಯ ರಕ್ಷಣೆಗೆ ಅಂತ 14 ಕೋಟಿಗೂ ಹೆಚ್ಚು ಜನರಿಂದ ನಂಬರ್, ಇಮೇಲ್ ತೆಗೆದುಕೊಂಡು ಜಾಹೀರಾತಿಗೂ ಬಳಸಿಕೊಂಡಿತು. 2022ರಲ್ಲಿ ಅಮೆರಿಕದಲ್ಲಿ 15 ಕೋಟಿ ಡಾಲರ್ ದಂಡ ಕಟ್ಟಿತು. ಇದರಿಂದ ಆದ ದೊಡ್ಡ ನಷ್ಟ ಹಣದ್ದಲ್ಲ. ಎರಡು ಹಂತದ ಪರಿಶೀಲನೆ ನಿಜಕ್ಕೂ ಉಪಯೋಗಕ್ಕೆ ಬರುವ ವಿಷಯ. ಅದನ್ನು ಹಾಕಿಸಿಕೊಳ್ಳಿ ಅಂತ ನಾನು ಯಾರಿಗಾದರೂ ಹೇಳಿದರೆ, "ನಂಬರ್ ಕೊಟ್ಟರೆ ಆಮೇಲೆ ಜಾಹೀರಾತು ಶುರುವಾಗುತ್ತೆ" ಅನ್ನುತ್ತಾರೆ. ಅವರ ಅನುಮಾನ ಸುಳ್ಳು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಸರಿ, ನೀವು ಮಾಡಬೇಕಾದ್ದು ಏನು? ನಿಮ್ಮ ಇಮೇಲ್‌ನಿಂದ ಶುರು ಮಾಡಿ. ಬೇರೆ ಎಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಅಲ್ಲಿಗೇ. ಅದು ಹೋದರೆ ಎಲ್ಲವೂ ಹೋದ ಹಾಗೆ. ಅದಕ್ಕೆ ಬೇರೆಲ್ಲೂ ಬಳಸದ, ಉದ್ದನೆಯ ಪಾಸ್‌ವರ್ಡ್ ಇಡಿ. ಎರಡನೆಯ ಹಂತಕ್ಕೆ ಎಸ್‌ಎಂಎಸ್‌ಗಿಂತ ಅಥೆಂಟಿಕೇಟರ್ ಆ್ಯಪ್ (ನಿಮ್ಮ ಫೋನಿನಲ್ಲೇ ಕೋಡ್ ಹುಟ್ಟಿಸುವ ಆ್ಯಪ್) ಒಳ್ಳೆಯದು, ಯಾಕೆಂದರೆ ಕಳ್ಳರು ನಿಮ್ಮ ನಂಬರಿಗೆ ಬೇರೆ ಸಿಮ್ ಮಾಡಿಸಿಕೊಂಡರೆ ಎಸ್‌ಎಂಎಸ್ ಅವರಿಗೇ ಹೋಗುತ್ತದೆ. ಆದರೆ ಎಸ್‌ಎಂಎಸ್ ಒಂದೇ ಇದ್ದರೆ ಅದನ್ನೇ ಹಾಕಿಸಿಕೊಳ್ಳಿ, ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಉಳಿದ ಖಾತೆಗಳಿಗೆ ಪಾಸ್‌ವರ್ಡ್ ಮ್ಯಾನೇಜರ್, ಅಂದರೆ ಎಲ್ಲ ಪಾಸ್‌ವರ್ಡ್‌ಗಳನ್ನು ನಿಮ್ಮ ಪರವಾಗಿ ನೆನಪಿಟ್ಟುಕೊಳ್ಳುವ ಆ್ಯಪ್ ಬಳಸಿ. ಅದು ಒಗ್ಗದವರು ಪುಸ್ತಕದಲ್ಲಿ ಬರೆದು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ. ಇದಕ್ಕೆ ನಾಚಿಕೆ ಬೇಡ. ದೂರದಲ್ಲಿ ಕೂತು ಖಾತೆ ಒಡೆಯುವವನಿಗೆ ನಿಮ್ಮ ಬೀರು ತೆಗೆಯಲು ಬರುವುದಿಲ್ಲ. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಇದು ಮೇಲು.

ಪಾಸ್‌ವರ್ಡ್ ಮರೆತಾಗ ನಿಮ್ಮನ್ನು ಗುರುತಿಸಲು ಅಂತ ಸೈಟ್ "ನಿಮ್ಮ ಮೊದಲ ಶಾಲೆ ಯಾವುದು" ಅಂತ ಕೇಳಿದರೆ ನಿಜ ಹೇಳಬೇಡಿ. ಅದು ನಿಮ್ಮ ಸ್ನೇಹಿತರಿಗೆಲ್ಲ ಗೊತ್ತಿರುವ ವಿಷಯ. ಏನಾದರೂ ಬೇರೆ ಪದ ಹಾಕಿ, ಬರೆದಿಟ್ಟುಕೊಳ್ಳಿ. ಪಾಸ್‌ಕೀ, ಅಂದರೆ ಪಾಸ್‌ವರ್ಡ್ ಬದಲಿಗೆ ಬಳಸುವ ಡಿಜಿಟಲ್ ಕೀಲಿ, ಅನ್ನುವ ಆಯ್ಕೆ ಕಂಡರೆ ಧೈರ್ಯವಾಗಿ ಬಳಸಿ. ಫೋನಿನ ಬೀಗ ತೆಗೆದ ಹಾಗೆ ಬೆರಳು ಇಟ್ಟರೆ ಸಾಕು. ಗುಟ್ಟಿನ ಕೀಲಿ ನೀವು ಲಾಗಿನ್ ಆಗುವ ಕಂಪನಿಯ ಬಳಿ ಹೋಗುವುದೇ ಇಲ್ಲ, ಹಾಗಾಗಿ ಅವರ ಕಡೆಯಿಂದ ಅದನ್ನು ಕದಿಯಲು ಆಗುವುದಿಲ್ಲ. ನಕಲಿ ಸೈಟ್‌ನಲ್ಲಿ ಅದು ಕೆಲಸವೂ ಮಾಡುವುದಿಲ್ಲ.

ಆಫೀಸಿನಲ್ಲಿ ಕಡ್ಡಾಯ ಇದ್ದರೆ ನಿಯಮ ಪಾಲಿಸಿ, ಬೇರೆ ದಾರಿ ಇಲ್ಲ. ಆದರೆ ಐಟಿ ವಿಭಾಗಕ್ಕೆ ಎರಡು ಸಾಲು ಬರೆಯಿರಿ. ಎನ್‌ಐಎಸ್‌ಟಿ ಎಸ್‌ಪಿ 800-63ಬಿ ಅನ್ನುವ ದಾಖಲೆಯ (ಮೇಲೆ ಹೇಳಿದ ತಿದ್ದಿದ ಮಾರ್ಗಸೂಚಿಯೇ ಇದು) ಹೆಸರು ಹಾಕಿ, ಈ ನಿಯಮ ಯಾಕೆ ಇನ್ನೂ ಇದೆ ಅಂತ ಕೇಳಿ. ಅಲ್ಲಿ ಕೂತವರಲ್ಲಿ ಬಹಳ ಜನರಿಗೆ ಈ ನಿಯಮ ಇಷ್ಟವಿಲ್ಲ. ಆಡಿಟ್‌ನವರ ಮುಂದೆ ತೋರಿಸಲು ಅವರಿಗೂ ಇಂಥದೊಂದು ಕಾಗದ ಬೇಕು.