ಅಜ್ಜನ 78ರ ತಟ್ಟೆಗಳು: ಜೂನ್‌ನಿಂದ ಆಗಸ್ಟ್‌ವರೆಗೆ

ಜೂನ್ 14, ಡೊಂಬಿವಲಿ

ಅಜ್ಜನ 78ರ ತಟ್ಟೆಗಳನ್ನು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಗಳನ್ನು, ಕಂಪ್ಯೂಟರಿಗೆ ಇಳಿಸಿ ಶುದ್ಧಗೊಳಿಸುವ ಈ ಕೆಲಸಕ್ಕೆ ಕಾರಣ ಮುಂಬಯಿಯ ಮಾಟುಂಗದ ಕಾಕಾ. ಹಳೆಯ ಗಾಯನವನ್ನು ‘ಡಿಜಿಟಲ್ ಆಗಿ ಶುದ್ಧೀಕರಿಸಿದ’ ಸಿ.ಡಿ.ಯೊಂದನ್ನು ಅವರಿಗೆ ಕೊಟ್ಟಿದ್ದೆ. ಎರಡು ನಿಮಿಷ ಕೇಳಿ, “ಇದು ಹಾಡೇನೋ, ಚಾಕುವಿಗೆ ಸಾಣೆ ಹಿಡಿದ ಸದ್ದೇನೋ?” ಎಂದರು. ತಟ್ಟೆಯಲ್ಲೇ ಆ ಕರ್ಕಶವಿದೆಯೇ ಎಂದು ನೋಡೋಣವೆಂದು ಹುಬ್ಬಳ್ಳಿಯ ಮನೆಯ ಟ್ರಂಕು ತರಿಸಿದೆ. ಅದರಲ್ಲಿದ್ದ 23 ತಟ್ಟೆಗಳ ಪೈಕಿ ಎರಡು, ಬರುವ ದಾರಿಯಲ್ಲೇ ಒಡೆದವು. ಅರಗಿನ ತಟ್ಟೆ ಬಾಗುವುದಿಲ್ಲ, ಹಂಚಿನಂತೆ ಒಡೆಯುತ್ತದೆ. ಉಳಿದವನ್ನು ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಪಾತ್ರೆ ಸೋಪು ಹಾಕಿ ತೊಳೆದೆ. ಸ್ಪಿರಿಟ್ ಮುಟ್ಟಿಸಬಾರದು, ಅರಗು ಕರಗುತ್ತದೆ. ಈ ಮಳೆಯಲ್ಲಿ ಒಣಗಲು ಎರಡು ದಿನ.

ಜೂನ್ 22

ಎಲ್‌ಪಿಯ (ನಂತರ ಬಂದ ಪ್ಲಾಸ್ಟಿಕ್ ತಟ್ಟೆಯ) ಮುಳ್ಳಿನಲ್ಲೇ ಆಡಿಸಿ ನೋಡಿದೆ. ಬರೀ ಗೊರಗೊರ, ನಡುವೆ ಸೊಳ್ಳೆಯಂಥ ದನಿ. ತಪ್ಪು ನನ್ನದೇ. ಆ ಮುಳ್ಳಿನ ತುದಿ ಸುಮಾರು 20 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ); 78ರ ಗೀರಿಗೆ 70ರ ಆಸುಪಾಸಿನದು ಬೇಕು. ಸಣ್ಣ ಮುಳ್ಳು ಗೀರಿನ ಗೋಡೆಗಳನ್ನು ಬಿಟ್ಟು, ಕಸ ಕೂತ ತಳದಲ್ಲಿ ಹೊರಳಾಡುತ್ತದೆ. ಮುಂಬಯಿಯಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಯನ್ನೆಲ್ಲ ಅಲೆದು, ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆ.

ಜುಲೈ 13

ಮುಳ್ಳು ಬಂತು. ಎಡ ಬಲ ಎರಡೂ ಚಾನೆಲ್ ಕೂಡಿಸಿ ಮೋನೋ ಮಾಡಿದ್ದೇ ತಡ, ಅರ್ಧ ಗೊರಗೊರ ಮಾಯ. ಈ ತಟ್ಟೆಗಳಲ್ಲಿ ಸಂಗೀತವಿರುವುದು ಅಡ್ಡ ಕಂಪನದಲ್ಲಿ ಮಾತ್ರ; ಮೇಲೆ ಕೆಳಗೆ ಕುಣಿಯುವುದೆಲ್ಲ ಬರೀ ಸದ್ದು, ಕೂಡಿಸಿದಾಗ ಒಂದನ್ನೊಂದು ಅಳಿಸಿಕೊಳ್ಳುತ್ತದೆ. ಉಳಿದ ಸರಸರ ತಟ್ಟೆಯ ಮೈಯದೇ. ಅರಗಿಗೆ ಕಲ್ಲಿನ ಪುಡಿ ಬೆರೆಸುತ್ತಿದ್ದರು, ಉಕ್ಕಿನ ಮುಳ್ಳು ಸವೆದು ಗೀರಿಗೆ ಹೊಂದಿಕೊಳ್ಳಲಿ ಎಂದು. ಆದ್ದರಿಂದಲೇ ಪ್ರತಿ ಬದಿಗೂ ಹೊಸ ಮುಳ್ಳು ಹಾಕಬೇಕಿತ್ತು. ನಮ್ಮಜ್ಜ ಉಳಿತಾಯಸ್ಥ: ಟ್ರಂಕಿನಲ್ಲಿದ್ದ ಮುಳ್ಳಿನ ಡಬ್ಬಿ ಇನ್ನೂ ಮುಕ್ಕಾಲು ತುಂಬಿದೆ! ಹಳೆಯ ಮುಳ್ಳನ್ನೇ ಮತ್ತೆ ಮತ್ತೆ ಬಳಸಿದ್ದರ ಫಲ, ಬಹುತೇಕ ತಟ್ಟೆಗಳ ಒಳಸುತ್ತಿನಲ್ಲಿ ತಾರ ಷಡ್ಜ (ಮೇಲಿನ ‘ಸ’) ಬಂದಾಗಲೆಲ್ಲ ದನಿ ಒಡೆಯುತ್ತದೆ. ಇದಕ್ಕೆ ಯಾವ ಸಾಫ್ಟ್‌ವೇರಿನಲ್ಲೂ ಮದ್ದಿಲ್ಲ.

ಜುಲೈ 20

ಒಂದು ವಾರ ಹಾಳು. ಮುಳ್ಳಿನ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ನನ್ನ ಪ್ರಿ-ಆಂಪ್ಲಿಫೈಯರಿನಲ್ಲಿ ಇರುವುದು 1954ರಲ್ಲಿ ಎಲ್‌ಪಿಗಳಿಗಾಗಿ ನೆಲೆಗೊಂಡ ಆರ್‌ಐಎಎ (ಅಮೆರಿಕದ ರೆಕಾರ್ಡ್ ಉದ್ಯಮ ಸಂಘ) ತಿದ್ದುಪಡಿ, ಅಂದರೆ ತೀವ್ರ-ಮಂದ್ರಗಳನ್ನು ಹೊಂದಿಸುವ ಮಾನದಂಡ. ಅದು 10,000 ಹರ್ಟ್ಸ್ ಬಳಿಯ ತೀವ್ರ ದನಿಯನ್ನು ಸುಮಾರು 14 ಡೆಸಿಬೆಲ್ ಇಳಿಸುತ್ತದೆ. ಎಲ್‌ಪಿಯಲ್ಲಿ ಮೊದಲೇ ಅಷ್ಟು ಏರಿಸಿರುತ್ತಾರೆ, ಸರಿಹೋಗುತ್ತದೆ. 1930ರ ದಶಕದ ತಟ್ಟೆಯಲ್ಲಿ ಹಾಗೆ ಏರಿಸಿಲ್ಲ, ಹಾಗಾಗಿ ದನಿ ಕಂಬಳಿ ಹೊದ್ದಂತಾಯಿತು. ಕಂಬಳಿ ತೆಗೆಯಲು ನಾನು ತೀವ್ರ ಭಾಗವನ್ನು ಕೈಯಿಂದ ಏರಿಸಿದೆ. ಸರಸರ ಎದ್ದಿತು. ಅದನ್ನು ಅಳಿಸಲು ನಾಯ್ಸ್ ರಿಡಕ್ಷನ್ (ಸದ್ದು ತಗ್ಗಿಸುವ ಸಾಫ್ಟ್‌ವೇರ್) ಹಾಕಿದೆ. ಆಲಾಪದ ಹಿಂದೆ ಗುಬ್ಬಿಗಳು ಚಿಲಿಪಿಲಿ ಶುರು ಮಾಡಿದವು, ‘ಸ’ಕಾರ ಸೀಳತೊಡಗಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಕಾಕಾ ಬೈದ ಸಿ.ಡಿ. ಪಕ್ಕಕ್ಕಿಟ್ಟು ಕೇಳಿದೆ: ಅದೇ ಗುಬ್ಬಿ, ಅದೇ ಸಾಣೆ.

ಎಲ್ಲ ಅಳಿಸಿ ಮತ್ತೆ ಶುರು. ತೀವ್ರವನ್ನು ಇಳಿಸದೆ, 300 ಹರ್ಟ್ಸ್‌ನಿಂದ ಕೆಳಗಿನ ಮಂದ್ರವನ್ನಷ್ಟೇ ಏರಿಸಿಕೊಂಡೆ. ಸರಸರ ಉಳಿಯಿತು, ಉಳಿಯಲಿ. ಹತ್ತು ಸೆಕೆಂಡಿಗೆ ಕಿವಿ ಅದನ್ನು ಮರೆಯುತ್ತದೆ.

ಜುಲೈ 28

ಕ್ಲಿಕ್, ಅಂದರೆ ತಟ್ಟೆಯ ಚಟ್ ಎನ್ನುವ ಸದ್ದು, ತೆಗೆಯುವ ಸಾಫ್ಟ್‌ವೇರ್ ಯಂತ್ರಕ್ಕೆ ತಬಲಾ ಅಂದರೆ ಆಗದು. ತಬಲಾದ ‘ನಾ’ ಪೆಟ್ಟು ಬಿದ್ದಾಗ ಪರದೆಯಲ್ಲಿ ಗೆರೆ ಕ್ಲಿಕ್ಕಿನಷ್ಟೇ ಕಡಿದಾಗಿ ಏಳುತ್ತದೆ. ಕ್ಲಿಕ್ ಅಲ್ಲೇ ಸಾಯುತ್ತದೆ. ತಬಲಾ ಪೆಟ್ಟಿನ ಹಿಂದೆ ಸಣ್ಣಗೆ ನಡುಗುವ ಬಾಲವಿರುತ್ತದೆ. ಯಂತ್ರ ತಲೆ ನೋಡಿ ಕತ್ತರಿಸಿದರೆ ಬಾಲವೊಂದೇ ಉಳಿದು ‘ನಾ’ ಹೋಗಿ ‘ಆ’ ಆಗುತ್ತದೆ. ಈಗ ಹಿಗ್ಗಿಸಿ ನೋಡಿ ಒಂದೊಂದನ್ನೂ ಕೈಯಲ್ಲೇ ಅಳಿಸುತ್ತಿದ್ದೇನೆ. ಮೂರು ನಿಮಿಷದ ಬದಿಗೆ ಇಡೀ ರಾತ್ರಿ.

ಆಗಸ್ಟ್ 10, ಮಾಟುಂಗ

ಮುಗಿದ ಆರನ್ನು ಕಾಕಾಗೆ ಕೇಳಿಸಿದೆ. ಐದಕ್ಕೆ ತಲೆದೂಗಿದರು. ಆರನೆಯದಕ್ಕೆ, “ವೇಗ ಹೆಚ್ಚು ಮಾಡಿದ್ದೀಯ. ಯಾರೋ ಹುಡುಗಿ ಚೀರಿದ ಹಾಗಿದೆ” ಎಂದರು.

“ಇಲ್ಲ ಕಾಕಾ, ವೇಗ ಸರಿ ಇದೆ. ಇವರು ಗಂಗೂಬಾಯಿ ಹಾನಗಲ್.”

ನಂಬಲಿಲ್ಲ. ಕಾಕಾ ರೇಡಿಯೊದಲ್ಲಿ ಕೇಳಿ ಬೆಳೆದದ್ದು ಗಂಗೂಬಾಯಿಯವರ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರದ ಆ ಗಂಭೀರ ಕಂಠವನ್ನು. 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಬಂದ ಅವರ ತಟ್ಟೆಗಳ ದನಿ ತೆಳುವು, ಹರಿತ. ನಾನೂ ಮೋಸಹೋಗಿದ್ದೆ: ಅದನ್ನೂ ಕರ್ಕಶವೆಂದು ಎಣಿಸಿ 3,000 ಹರ್ಟ್ಸ್ ಬಳಿ ತಗ್ಗಿಸಿಟ್ಟಿದ್ದೆ. ಲೇಬಲ್ ಓದಿದ ಮೇಲೆ ವಾಪಸ್ ಏರಿಸಿದೆ. ಕಾಕಾ ಕನ್ನಡಕ ಹಾಕಿಕೊಂಡು ಲೇಬಲನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಇನ್ನೊಮ್ಮೆ ಹಚ್ಚು” ಎಂದರು.

ಬಾಕಿ 15. ಏಳನೆಯದರ ಅಂಚಿನಲ್ಲಿ ಉಗುರಿನುದ್ದದ ಬಿರುಕಿದೆ. ಮೇಲಿನ ಮನೆಯವರ ಟೈಲ್ಸ್ ಕೆಲಸ ಮುಗಿಯುವವರೆಗೆ ಅದರ ಮೇಲೆ ಮುಳ್ಳು ಇಡುವುದಿಲ್ಲ.