ಹಕ್ಕಿ ಬಂದು ಸಹಿ ಹಾಕುತ್ತದೆಯೇ?

ಕುಮಟಾದ ನನ್ನ ಅಂಗಡಿಯ ಫಲಕದಲ್ಲಿ ಜೆರಾಕ್ಸ್ ಎಂದು ಬರೆದಿದ್ದರೂ ಹೊಟ್ಟೆ ಹೊರೆಯುವುದು ಸಬ್ಸಿಡಿ ಅರ್ಜಿಗಳೇ. ಟಿಲ್ಲರ್, ಪಂಪ್‌ಸೆಟ್, ಕಳೆ ಕೊಚ್ಚುವ ಯಂತ್ರ, ತಾಡಪಾಲು, ಸೌರ ಬೇಲಿ. ಪಹಣಿ, ಆಧಾರ್, ಪಾಸ್‌ಪುಸ್ತಕ, ಎರಡು ಫೋಟೊ. ಈ ಕುರ್ಚಿಯಲ್ಲಿ ಕುಳಿತು ನನಗೆ ಅರ್ಥವಾದದ್ದು ಇಷ್ಟು: ಸರ್ಕಾರ ಯಾವುದನ್ನು ಎಣಿಸಿ ಹಣ ಕೊಡುತ್ತದೆಯೋ ಊರಿನಲ್ಲಿ ಅದು ಹೆಚ್ಚುತ್ತದೆ, ಎಣಿಸದೇ ಬಿಟ್ಟದ್ದು ಸದ್ದಿಲ್ಲದೆ ಕರಗುತ್ತದೆ.

ಅಕ್ಕನ ಮಗ ಓದಲು ಗ್ಲಾಸ್ಗೋಗೆ ಹೋಗಿದ್ದಾನೆ. ರಜೆಯಲ್ಲಿ ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಹೆಬ್ರಿಡೀಸ್ ದ್ವೀಪಗಳಿಗೆ ಹೋದವನು ಸಮುದ್ರದ ಫೋಟೊ ಕಳಿಸುವುದು ಬಿಟ್ಟು ಅಲ್ಲಿನ ರೈತರ ಸಹಾಯಧನದ ಕರಪತ್ರ ಕಳಿಸಿದ. ಚಿಕ್ಕಮ್ಮನಿಗೆ ಇದೇ ಹೆಚ್ಚು ಇಷ್ಟ ಎಂದು ಅವನಿಗೆ ಗೊತ್ತು. ಹುಲ್ಲು ಕೊಯ್ಯುವುದನ್ನು ತಡ ಮಾಡಿದ್ದಕ್ಕೆ ಹಣ! ಆಗಸ್ಟ್ 1ರ ತನಕ ಹುಲ್ಲುಗಾವಲಿಗೆ ಯಂತ್ರ ಇಳಿಸುವಂತಿಲ್ಲ. ಆಮೇಲೂ ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ ಕೊಯ್ಯುತ್ತ ಬರಬೇಕು. ಇದೆಲ್ಲ ಕಾರ್ನ್‌ಕ್ರೇಕ್ ಎಂಬ ಒಂದು ಹಕ್ಕಿಗಾಗಿ. ನಮ್ಮ ತೋಟದ ಕಾದಿಗೆಯಲ್ಲಿ ಬಾಲ ಕುಣಿಸುತ್ತ ಓಡುವ ಹುಂಡುಕೋಳಿಯ ಮನೆತನದ್ದೇ ಅದು, ಆದರೆ ಆಫ್ರಿಕಾದಿಂದ ಹಾರಿಬಂದು ಅಲ್ಲಿ ಮರಿ ಮಾಡುತ್ತದೆ. ಗೂಡು ನೆಲದ ಮೇಲೆ, ಹುಲ್ಲಿನೊಳಗೆ. ಯಂತ್ರ ಅಂಚಿನಿಂದ ಸುತ್ತುತ್ತ ಒಳಗೆ ಬಂದರೆ ಹಾರಲಾರದ ಮರಿಗಳು ಬಯಲಿಗೆ ಬರಲು ಹೆದರಿ ಉಳಿದ ಹುಲ್ಲಿಗೆ ಸರಿಯುತ್ತವೆ. ಉಳಿದ ಹುಲ್ಲು ಚಿಕ್ಕದಾಗುತ್ತ ಬರುತ್ತದೆ. ಕೊನೆಯ ಸುತ್ತಿನಲ್ಲಿ ಎಲ್ಲವೂ ಅಲಗಿಗೆ ಸಿಗುತ್ತವೆ. ನಡುವಿನಿಂದ ಹೊರಟರೆ ಮರಿಗಳು ಅಂಚಿನ ಪೊದೆಗೆ ನುಗ್ಗಿ ಬದುಕುತ್ತವೆ. ಯಂತ್ರ ಅದೇ, ಡೀಸೆಲ್ ಕೂಡ ಹೆಚ್ಚುಕಡಿಮೆ ಅಷ್ಟೇ, ತಿರುಗುವ ದಿಕ್ಕು ಬೇರೆ.

ಕಗ್ಗ ಎಂಬ ಬತ್ತ ಬೆಳೆಯುವ ಹಾಲಕ್ಕಿ ಸಮುದಾಯದ ಅಜ್ಜ ಒಬ್ಬರು ಪಹಣಿ ತೆಗೆಸಲು ಬಂದಿದ್ದಾಗ ಇದನ್ನು ಓದಿ ಹೇಳಿದೆ. ಬಹಳ ಹೊತ್ತು ನಕ್ಕರು.

"ತಂಗಿ, ಹಕ್ಕಿ ಇತ್ತು ಎನ್ನುವುದಕ್ಕೆ ಸಾಕ್ಷಿ ಯಾರು? ಹಕ್ಕಿ ಬಂದು ಸಹಿ ಹಾಕುತ್ತದೆಯೇ?"

ಒಂದು ಲೆಕ್ಕದಲ್ಲಿ ಹಾಕುತ್ತದೆ. ಗಂಡು ಕಾರ್ನ್‌ಕ್ರೇಕ್ ನಡುರಾತ್ರಿ ಒಂದೇ ಸಮನೆ ಕರಕರ ಎನ್ನುತ್ತದೆ. ಎಣಿಸುವವರು ಆ ಹೊತ್ತಿನಲ್ಲಿ ಊರೂರು ಸುತ್ತಿ ಕೂಗು ಕೇಳಿ ಗುರುತು ಹಾಕುತ್ತಾರೆ. 1993ರಲ್ಲಿ ಬ್ರಿಟನ್ನಿನಲ್ಲಿ ಕೂಗುತ್ತಿದ್ದ ಗಂಡುಗಳು 500ಕ್ಕಿಂತ ಕಡಿಮೆ. 2014ರಲ್ಲಿ ಆ ಸಂಖ್ಯೆ 1,200 ದಾಟಿತು. ಅಲ್ಲಿಂದ ಮತ್ತೆ ಸಾವಿರದ ಕೆಳಗೆ ಇಳಿದಿದೆ. ಹಣ ಬಂತು, ಹಕ್ಕಿ ಉಳಿಯಿತು ಎಂದು ಕೈ ತೊಳೆದುಕೊಳ್ಳುವ ಹಾಗಿಲ್ಲ.

ಅದೇ ಯುರೋಪಿನಲ್ಲಿ ಉಲ್ಟಾ ಹೊಡೆದ ಸಬ್ಸಿಡಿಯೂ ಇದೆ, ಅದು ನನ್ನ ಕಸುಬಿನವರು ಓದಲೇಬೇಕಾದ ಕಥೆ. 1980ರಲ್ಲಿ ಯುರೋಪಿನ ಆರ್ಥಿಕ ಸಮುದಾಯ ಕುರಿಗೆ ತಲೆಗಿಷ್ಟು ಎಂದು ಹಣ ಕೊಡತೊಡಗಿತು. ಹತ್ತು ಹನ್ನೆರಡು ವರ್ಷಗಳಲ್ಲಿ ಐರ್ಲೆಂಡಿನ ಕುರಿಗಳು ದುಪ್ಪಟ್ಟನ್ನೂ ಮೀರಿದವು. ರೈತ ದುರಾಸೆಯವನು ಎನ್ನಬೇಡಿ. ತಲೆಗೆ ಹಣವಿದ್ದರೆ ನಮ್ಮೂರಿನವರೂ ತಲೆಯನ್ನೇ ಹೆಚ್ಚಿಸುತ್ತಿದ್ದರು. ಪಶ್ಚಿಮದ ಗುಡ್ಡಗಳಲ್ಲಿ ಹೆದರ್ ಎಂಬ ಕುರುಚಲು ಗಿಡವನ್ನು ಕುರಿಗಳು ಬುಡಸಮೇತ ಮೇಯ್ದವು. ಕೆಳಗಿನ ಪೀಟ್, ಅಂದರೆ ಕೊಳೆತ ಗಿಡಗಳಿಂದಾದ ನೆಲ, ಕಪ್ಪಗೆ ಬಯಲಾಗಿ ಮಳೆಗೆ ಕೊಚ್ಚಿಹೋಯಿತು. ಆ ಗಿಡವನ್ನೇ ನಂಬಿದ ರೆಡ್ ಗ್ರೌಸ್ ಹಕ್ಕಿ ನೆಲೆ ಕಳೆದುಕೊಂಡಿತು. ಮೇಯೋ ಪ್ರಾಂತ್ಯದ ಒಂದು ಸಂರಕ್ಷಿತ ಗುಡ್ಡಸಾಲಿನಲ್ಲಿ ಇದನ್ನು ತಡೆಯಲಿಲ್ಲವೆಂದು 2002ರಲ್ಲಿ ಯುರೋಪಿನ ನ್ಯಾಯಾಲಯ ಐರ್ಲೆಂಡ್ ವಿರುದ್ಧ ತೀರ್ಪು ಕೊಟ್ಟಿತು. ಕುರಿಗೆ ಹಣ ಕೊಟ್ಟ ಒಕ್ಕೂಟವೇ ಕುರಿ ಮೇಯ್ದಿತೆಂದು ದಾವೆ ಹೂಡಿತು! ಸ್ವೀಡನ್ನಿನಲ್ಲಿ ಇನ್ನೊಂದು ತಮಾಷೆ: ಹೆಕ್ಟೇರಿಗೆ ಇಂತಿಷ್ಟಕ್ಕಿಂತ ಹೆಚ್ಚು ಮರವಿದ್ದರೆ ಅದು ಹುಲ್ಲುಗಾವಲೇ ಅಲ್ಲ ಎಂಬ ನಿಯಮ ಬಂದಾಗ ರೈತರು ಹಣ ತಪ್ಪದಿರಲೆಂದು ಮರ ಕಡಿದರು.

ಐರ್ಲೆಂಡ್ ಆಮೇಲೆ ಪಾಠ ಕಲಿತದ್ದು ಬರನ್ ಎಂಬ ಸುಣ್ಣಕಲ್ಲಿನ ಸೀಮೆಯಲ್ಲಿ. ಅಲ್ಲಿ ದನಗಳನ್ನು ಚಳಿಗಾಲದಲ್ಲಿ ಗುಡ್ಡಕ್ಕೆ ಹೊಡೆಯುವುದು ಹಳೆಯ ರೂಢಿ. ಅವು ಒಣಹುಲ್ಲು ಮೇಯ್ದು ಮುಗಿಸಿದರೆ ವಸಂತದಲ್ಲಿ ಕಲ್ಲಿನ ಸಂದಿಯಲ್ಲಿ ನೀಲಿ ಜೆಂಶಿಯನ್ ಹೂ ಅರಳುತ್ತದೆ. ಮೇಯದೇ ಬಿಟ್ಟರೆ ಹೇಜಲ್ ಪೊದೆ ಮುಚ್ಚಿಕೊಳ್ಳುತ್ತದೆ. ಅಲ್ಲಿನ ಯೋಜನೆಯಲ್ಲಿ ಒಂದೊಂದು ಗದ್ದೆಗೂ ಹತ್ತರಲ್ಲಿ ಅಂಕ ಹಾಕುತ್ತಾರೆ. ಅಂಕ ಏರಿದಷ್ಟೂ ಹಣ ಏರುತ್ತದೆ. ಹೇಗೆ ಏರಿಸಬೇಕೆಂಬುದು ರೈತನ ಜಾಣತನಕ್ಕೆ ಬಿಟ್ಟದ್ದು. ನನ್ನ ಮೇಜಿಗೆ ಅಂಥ ಅರ್ಜಿ ಒಂದೂ ಬಂದಿಲ್ಲ.

ಈಗ ಅಘನಾಶಿನಿಯ ಗಜನಿಗೆ ಬರುತ್ತೇನೆ. ಅಳಿವೆಯ ಎರಡೂ ದಡಗಳಲ್ಲಿರುವ ಈ ಉಪ್ಪುನೀರಿನ ಗದ್ದೆಗಳಲ್ಲಿ ಬೆಳೆಯುವ ಬತ್ತವೇ ಕಗ್ಗ. ಗೊಬ್ಬರ ಬೇಡ, ಔಷಧ ಬೇಡ. ನೆರೆ ಬಂದು ಕೆಲವು ದಿನ ಮುಳುಗಿಸಿದರೂ ತಲೆ ಎತ್ತುತ್ತದೆ. ಮಳೆ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬಂದ ಬೀಜ ಚೆಲ್ಲಬೇಕು. ಕೊಯ್ಲಾದ ಮೇಲೆ ಜಂತ್ರಡಿಯ, ಅಂದರೆ ಒಡ್ಡಿನಲ್ಲಿರುವ ನೀರಿನ ಬಾಗಿಲಿನ, ಹಲಗೆ ಎತ್ತಿ ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ, ಅದರೊಂದಿಗೆ ಸಿಗಡಿ, ಮೀನಿನ ಮರಿಗಳು ಬರುತ್ತವೆ. ಕೂಳೆ ಕೊಳೆತು ಅವಕ್ಕೆ ಆಹಾರ, ಅವುಗಳ ಹಿಂದೆ ಬೆಳ್ಳಕ್ಕಿ, ಚಳಿಗಾಲದ ವಲಸೆ ಹಕ್ಕಿಗಳು. ಇಳಿತದ ಹೊತ್ತಿಗೆ ಜಂತ್ರಡಿಯ ಬಾಯಲ್ಲಿ ನಿಂತು ನೋಡಬೇಕು: ನೀರು ಜಾಗಟೆ ಬಡಿದಂತೆ ಸದ್ದು ಮಾಡುತ್ತ ಹೊರಗೆ ನುಗ್ಗುತ್ತದೆ, ಅಡ್ಡ ಕಟ್ಟಿದ ಬಲೆಯಲ್ಲಿ ಸಿಗಡಿ ಚಿಮ್ಮುತ್ತದೆ, ಬೆಳ್ಳಕ್ಕಿಗಳು ಮನುಷ್ಯನಿಗೆ ಮೊಳ ದೂರದಲ್ಲಿ ಪಾಲಿಗೆ ಕಾಯುತ್ತವೆ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಕಗ್ಗ ಬಿತ್ತುವವರು ಮಾತ್ರ ಕಡಿಮೆಯಾಗುತ್ತಲೇ ಇದ್ದಾರೆ. ಕಾರಣ ಗುಟ್ಟೇನಲ್ಲ. ಸಿಗಡಿ ಹಿಡಿಯುವ ಗುತ್ತಿಗೆ ಹರಾಜಾದರೆ ಕುಳಿತಲ್ಲಿಗೆ ಹಣ ಬರುತ್ತದೆ; ಕಗ್ಗಕ್ಕೆ ಸೊಂಟ ಬಗ್ಗಿಸಬೇಕು, ಕೆಸರಿನಲ್ಲಿ ಯಂತ್ರ ಇಳಿಯುವುದಿಲ್ಲ. ಗುತ್ತಿಗೆದಾರನಿಗೆ ಉಪ್ಪುನೀರು ಎಷ್ಟು ದಿನ ನಿಂತರೂ ಲಾಭವೇ.

ಹಾಗಾದರೆ ಇಲ್ಲಿಯೂ ಹಣ ಕೊಡಲಿ ಎನ್ನುತ್ತೇನೆ. ಕೇರಳ 2020ರಲ್ಲಿ ಬತ್ತದ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಹೆಕ್ಟೇರಿಗೆ 2,000 ರೂಪಾಯಿ ಗೌರವಧನ ಶುರು ಮಾಡಿತು. ಆದರೆ ಪಹಣಿ ನೋಡಿ ಕೊಟ್ಟರೆ ಗಜನಿ ಮುಳುಗಿದಂತೆ. ಪಹಣಿಯಲ್ಲಿರುವ ಹೆಸರುಗಳಲ್ಲಿ ಎಷ್ಟೋ ಮಂದಿ ತೀರಿಕೊಂಡಿದ್ದಾರೆ, ಇನ್ನೆಷ್ಟೋ ಮಂದಿ ಮುಂಬೈಯಲ್ಲಿದ್ದಾರೆ. ಬಿತ್ತುವವರು ಗೇಣಿಯವರು, ಬಾಯಿಮಾತಿನ ಒಪ್ಪಂದದವರು. ಅದಕ್ಕಿಂತ ಮುಖ್ಯ, ಗಜನಿಯಲ್ಲಿ ಒಬ್ಬನೇ ಕಗ್ಗ ಬೆಳೆಯುವುದು ಆಗದ ಮಾತು. ಒಡ್ಡು ಒಂದೇ, ಜಂತ್ರಡಿ ಒಂದೇ, ನೀರು ಎಲ್ಲರದ್ದು. ಹತ್ತು ಮಂದಿ ಉಪ್ಪುನೀರು ನಿಲ್ಲಿಸಬೇಕೆಂದರೆ ಹನ್ನೊಂದನೆಯವನ ಸಸಿ ಸುಟ್ಟುಹೋಗುತ್ತದೆ. ಹಾಗಾಗಿ ಹಣ ಗಜನಿಯ ರೈತರ ಕಮಿಟಿಗೆ ಬರಬೇಕು. ನೆದರ್ಲೆಂಡ್ಸ್ 2016ರಿಂದ ಇಂಥ ಹಣವನ್ನು ಒಂಟಿ ರೈತರಿಗೆ ಕೊಡುವುದನ್ನೇ ನಿಲ್ಲಿಸಿ ರೈತರ 40 ಒಕ್ಕೂಟಗಳ ಮೂಲಕ ಕೊಡುತ್ತಿದೆ. ಹೆಬ್ರಿಡೀಸಿನ ಹಳ್ಳಿಗಳಲ್ಲೂ ಸಾಮೂಹಿಕ ಮೇವಿನ ನೆಲಕ್ಕೆ ಒಂದು ಕಮಿಟಿ, ಲೆಕ್ಕ ಬರೆಯಲು ಒಬ್ಬ ಗುಮಾಸ್ತ ಇರುತ್ತಾರೆ. ಆ ಗುಮಾಸ್ತನ ಕೆಲಸ ನನಗೆ ಒಗ್ಗುತ್ತದೆ!

ಮತ್ತೆ ಎಣಿಸುವುದು ಏನನ್ನು? ಎಕರೆಯನ್ನು ಎಣಿಸಿದರೆ ಬೀಜ ಚೆಲ್ಲಿ ಫೋಟೊ ತೆಗೆಸಿ ಮರೆತುಬಿಡುತ್ತಾರೆ. ಹಕ್ಕಿಯನ್ನು ಎಣಿಸಿದರೆ, ಸಿಗಡಿಗೆಂದು ನೀರು ನಿಲ್ಲಿಸಿದ ಕಡೆಯೂ ಬೆಳ್ಳಕ್ಕಿ ಬರುತ್ತದೆ. ನನ್ನ ಪ್ರಕಾರ ಎಣಿಸಬೇಕಾದದ್ದು ಜಂತ್ರಡಿ ಯಾವ ತಿಂಗಳು ಮುಚ್ಚಿತು, ಯಾವ ತಿಂಗಳು ತೆರೆಯಿತು ಎಂಬುದನ್ನು. ಉಳಿದದ್ದನ್ನು ಕಗ್ಗವೂ ಹಕ್ಕಿಯೂ ನೋಡಿಕೊಳ್ಳುತ್ತವೆ. ಇದನ್ನು ಒಂದು ಪುಟದಲ್ಲಿ ಬರೆದು ಅಜ್ಜನಿಗೆ ಓದಿ ಹೇಳಿದೆ, ಮುಂದಿನ ಕಮಿಟಿ ಸಭೆಯಲ್ಲಿ ಇಡಿ ಎಂದೆ.

"ಇಡುತ್ತೇನೆ," ಎಂದರು. "ಆದರೆ ತಂಗಿ, ಆ ಸಭೆ ಕರೆದಿರುವುದು ಸಿಗಡಿ ಗುತ್ತಿಗೆಯ ಹರಾಜಿಗೆ. ಹರಾಜು ಮುಗಿಯುವ ಮೊದಲು ಓದಲೋ, ಮುಗಿದ ಮೇಲೆ ಓದಲೋ?"

ಮೊದಲೇ ಓದಿ ಎಂದಿದ್ದೇನೆ.