ದಿಬ್ಬದ ತುದಿಯಲ್ಲಿ ನಿಂತು ಕಲಿತದ್ದು

ಆಸ್ಟ್ರೇಲಿಯಾದ ಬ್ರಿಸ್ಬೇನ್ ಹತ್ತಿರ ಒಂದು ಬಿಎಂಎಕ್ಸ್ ಟ್ರ್ಯಾಕ್‌ನಲ್ಲಿ, ಅಂದರೆ ಚಿಕ್ಕ ಚಕ್ರದ ಸೈಕಲ್‌ನಲ್ಲಿ ದಿಬ್ಬ ಹಾರುತ್ತಾ ರೇಸ್ ಓಡುವ ಜಾಗದಲ್ಲಿ, ಶನಿವಾರ, ಭಾನುವಾರ ಮಕ್ಕಳಿಗೆ ಕೋಚಿಂಗ್ ಕೊಡುತ್ತೇನೆ. ಮೊದಲ ಎರಡು ವರ್ಷ ನಾನು ನಿಲ್ಲುತ್ತಿದ್ದ ಜಾಗವೇ ತಪ್ಪಾಗಿತ್ತು. ಮಕ್ಕಳು ಹಾರಿ ಬಂದು ಇಳಿಯುವ ಕಡೆ ನಿಂತು, ಸೈಕಲ್ ಗಾಳಿಯಲ್ಲಿದ್ದಾಗ ಕೂಗುತ್ತಿದ್ದೆ. ಮುಂದಿನ ಚಕ್ರ ಇಳಿಸು, ಹ್ಯಾಂಡಲ್ ನೇರ ಮಾಡು ಅಂತ.

ಲೆಕ್ಕ ಹಾಕಿ ನೋಡಿ. ದಿಬ್ಬದ ತುದಿಯಿಂದ ಅರ್ಧ ಮೀಟರ್ ಮೇಲೆ ಹೋಗಿ ಅದೇ ಮಟ್ಟಕ್ಕೆ ವಾಪಸ್ ಬರಲು ಹಿಡಿಯುವುದು ಸುಮಾರು 0.64 ಸೆಕೆಂಡ್. ಒಂದು ಮೀಟರ್ ಹಾರಿದರೂ 0.9 ಸೆಕೆಂಡ್. ನನ್ನ ಮಾತು ಕಿವಿಗೆ ಬಿದ್ದು, ಅರ್ಥವಾಗಿ, ಕೈ ಅಲ್ಲಾಡುವಷ್ಟರಲ್ಲಿ ಚಕ್ರ ನೆಲ ಮುಟ್ಟಿರುತ್ತದೆ.

ಇದು ನನಗೆ ಅರ್ಥವಾಗಿದ್ದು ಒಬ್ಬ ಹುಡುಗಿ ಬಿದ್ದ ದಿನ. ಹನ್ನೊಂದು ವರ್ಷದವಳು. ಟೇಬಲ್‌ಟಾಪ್ ಹಾರುತ್ತಿದ್ದಳು, ಅಂದರೆ ನಡುವೆ ಗುಂಡಿ ಇಲ್ಲದೆ ಮೇಲೆ ಚಪ್ಪಟೆಯಾಗಿರುವ ದಿಬ್ಬ. ಮೇಲೆ ಹೋದ ತಕ್ಷಣ ಮೈ ಸೆಟೆದುಕೊಂಡಿತು. ಸೈಕಲ್ ನಿಧಾನವಾಗಿ ಅಡ್ಡ ತಿರುಗತೊಡಗಿತು. ಬಿಎಂಎಕ್ಸ್‌ನವರು ಇದಕ್ಕೆ 'ಡೆಡ್ ಸೇಲರ್' ಅನ್ನುತ್ತಾರೆ. ನಾನು ಕೂಗಿದೆ. ಅವಳು ಇಳಿಜಾರು ನೋಡುವ ಬದಲು ನನ್ನ ಕಡೆ ನೋಡಿದಳು. ಮಣಿಕಟ್ಟು ಮುರಿಯಿತು.

ಅವಳ ಅಮ್ಮ ಫೋನ್‌ನಲ್ಲಿ ತೆಗೆದಿದ್ದ ವಿಡಿಯೊವನ್ನು ಆ ರಾತ್ರಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮುಂದಿನ ಚಕ್ರ ದಿಬ್ಬದ ತುದಿ ಬಿಡುವ ಮೊದಲೇ ಬಲ ಮೊಣಕೈ ಬಿಗಿಯಾಗಿ ನೆಟ್ಟಗಾಗಿತ್ತು. ಹ್ಯಾಂಡಲ್ ಎರಡು ಬೆರಳಿನಷ್ಟು ಎಡಕ್ಕೆ ತಿರುಗಿತ್ತು. ಕಣ್ಣು ಚಕ್ರದ ಮೇಲಿತ್ತು. ಆಮೇಲೆ ಗಾಳಿಯಲ್ಲಿ ಆದದ್ದೆಲ್ಲ ಅದರದ್ದೇ ಮುಂದುವರಿಕೆ.

ಚಕ್ರ ನೆಲ ಬಿಟ್ಟ ಮೇಲೆ ನಾವು ಎಲ್ಲಿಗೆ ಹೋಗಿ ಬೀಳುತ್ತೇವೆ ಅನ್ನೋದನ್ನು ಬದಲಾಯಿಸಲು ಆಗುವುದಿಲ್ಲ. ಒದೆಯಲು, ತಳ್ಳಲು ಅಲ್ಲಿ ಏನೂ ಇಲ್ಲ. ತುದಿಯಲ್ಲಿ ಸಿಕ್ಕ ತಿರುಗುವಿಕೆಯೂ ಜೊತೆಗೇ ಬರುತ್ತದೆ. ನಮ್ಮ ಕೈಲಿ ಉಳಿಯೋದು ಒಂದೇ: ಮೈ ಕೆಳಗೆ ಸೈಕಲ್ಲನ್ನು ಆಡಿಸುವುದು. ಮೊಣಕಾಲು ಮಡಚಿ ಸೈಕಲ್ಲನ್ನು ಮೈಗೆ ಎಳೆದುಕೊಳ್ಳಬಹುದು. ತೋಳು ಚಾಚಿ ಹ್ಯಾಂಡಲ್ಲನ್ನು ಮುಂದಕ್ಕೆ, ಕೆಳಕ್ಕೆ ತಳ್ಳಿ ಇಳಿಜಾರಿಗೆ ಸರಿಯಾಗಿ ಸೈಕಲ್ಲಿನ ಮೂತಿ ಬಗ್ಗಿಸಬಹುದು. ಹಿಂದಿನ ಬ್ರೇಕ್ ಹಿಡಿದರೆ ಚಕ್ರದ ತಿರುಗು ಫ್ರೇಮಿಗೆ ದಾಟಿ ಮೂತಿ ಸ್ವಲ್ಪ ಇಳಿಯುತ್ತದೆ ನಿಜ. ಆದರೆ 20 ಇಂಚಿನ ಹಗುರ ಚಕ್ರದಲ್ಲಿ ಅದು ತೀರಾ ಕಡಿಮೆ. ಮಕ್ಕಳಿಗೆ ಅದನ್ನು ನಂಬಿಕೊಳ್ಳಲು ನಾನು ಹೇಳುವುದಿಲ್ಲ.

ಎತ್ತರ ಹಾರಿದವರೇ ಜಾಣರು ಅನ್ನೋ ನಂಬಿಕೆ ಎಲ್ಲ ಮಕ್ಕಳಿಗೂ ಇರುತ್ತದೆ. ಆದರೆ ಗಾಳಿಯಲ್ಲಿ ಪೆಡಲ್ ತುಳಿದು ವೇಗ ಬರುವುದಿಲ್ಲ, ಹಾಗಾಗಿ ರೇಸಿನಲ್ಲಿ ತಗ್ಗಾಗಿ ಹಾರುವುದೇ ಲಾಭ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಬಿಎಂಎಕ್ಸ್ ರೇಸಿನಲ್ಲಿ ಚಿನ್ನ ಗೆದ್ದ ನಮ್ಮ ಆಸ್ಟ್ರೇಲಿಯಾದ ಸಾಯಾ ಸಕಾಕಿಬಾರಾ ಅವರ ಓಟದ ವಿಡಿಯೊವನ್ನು ಮಕ್ಕಳಿಗೆ ಹಾಕಿ ತೋರಿಸುತ್ತೇನೆ. ಎಷ್ಟು ಹೊತ್ತು ಚಕ್ರ ನೆಲದ ಮೇಲಿದೆ ಎಣಿಸಿ ಅನ್ನುತ್ತೇನೆ.

ದಿಬ್ಬ ಏರುವಾಗ ಮೈ ಕುಗ್ಗಿಸಿ ಆಮೇಲೆ ಚಾಚುವುದಕ್ಕೆ ಇಲ್ಲಿ 'ಪಂಪ್' ಅನ್ನುತ್ತಾರೆ. ದಾವಣಗೆರೆ ಕಡೆಯ ಮನೆಯ ಒಬ್ಬ ಹುಡುಗನಿಗೆ ಅದು ತಿಂಗಳಾದರೂ ತಲೆಗೆ ಹೋಗಿರಲಿಲ್ಲ. ಒಂದು ದಿನ ಕನ್ನಡದಲ್ಲೇ ಹೇಳಿದೆ. "ಜೋಕಾಲಿ ಮೇಲೆ ನಿಂತು ಜೀಕ್ತೀಯಲ್ಲ ಪುಟ್ಟಾ, ಹಾಗೆ."

"ಅಷ್ಟೇನಾ ಅಂಕಲ್?" ಅಂದ.

ಅಷ್ಟೇ. ಜೋಕಾಲಿ ಕೆಳಗೆ ಬಂದಾಗ ಮೈ ಭಾರ ಅನಿಸುತ್ತದೆ. ಆ ಗಳಿಗೆಯಲ್ಲಿ ಎದ್ದು ನಿಂತರೆ ಮಾತ್ರ ಜೀಕು ಹತ್ತುತ್ತದೆ. ದಿಬ್ಬದ ಬಾಗಿನಲ್ಲೂ ಮೈ ಹಾಗೇ ಭಾರವಾಗುತ್ತದೆ. ಅಲ್ಲಿ ಕಾಲು, ತೋಳು ಎರಡನ್ನೂ ಸಮವಾಗಿ ಚಾಚಿದರೆ ಸೈಕಲ್ ನೇರವಾಗಿ, ಸಮಾಧಾನವಾಗಿ ಏಳುತ್ತದೆ. ಆ ಹುಡುಗ ಮೂರನೇ ಸಲಕ್ಕೇ ಹಿಡಿದುಬಿಟ್ಟ. ಈಗ ಇಂಗ್ಲಿಷ್ ಮಾತಾಡುವ ಮಕ್ಕಳಿಗೂ ಮೊದಲು ಪಾರ್ಕಿನ ಜೋಕಾಲಿಯಲ್ಲೇ ಪಾಠ.

ನಾನು ಈಗ ನಿಲ್ಲುವುದು ದಿಬ್ಬದ ತುದಿಯ ಪಕ್ಕ, ಮಂಡಿ ಊರಿ. ನೋಡುವುದು ಮೊಣಕೈ ಮಾತ್ರ. ಹೇಳುವುದಿದ್ದರೆ ಅವರು ವಾಪಸ್ ಸುತ್ತಿ ಬಂದ ಮೇಲೆ.

ಮಣಿಕಟ್ಟು ಮುರಿದುಕೊಂಡವಳು ಕೆಲವು ತಿಂಗಳ ನಂತರ ಮತ್ತೆ ಬಂದಳು. ಮೊದಲ ಎರಡು ವಾರ ಚಿಕ್ಕ ದಿಬ್ಬ, ಆಮೇಲೆ ಅದೇ ಟೇಬಲ್‌ಟಾಪ್. ಅವಳು ನನ್ನ ಪಕ್ಕದಿಂದ ದಾಟಿದಾಗ ಎರಡೂ ಮೊಣಕೈ ಸಡಿಲವಾಗಿದ್ದವು. ನಾನು ತಿರುಗಿ ನೋಡಲಿಲ್ಲ. ಎರಡು ಚಕ್ರವೂ ಒಟ್ಟಿಗೆ ಇಳಿಜಾರಿಗೆ ತಾಗಿದ ಸದ್ದು ಬೆನ್ನ ಹಿಂದೆ ಕೇಳಿಸಿತು.